ಗ್ರಹದಿಂದ ಯಾವ ಅನಿಲ ಸೋರುತ್ತದೆ? ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕುವ ಬಗೆ

ಭೂಮಿಯಿಂದ ಸೆಕೆಂಡಿಗೆ ಸುಮಾರು 3 ಕಿಲೋ ಹೈಡ್ರೋಜನ್ ಬಾಹ್ಯಾಕಾಶಕ್ಕೆ ಸೋರುತ್ತಿದೆ. ಗಾಬರಿ ಬೇಡ, ಈ ದರದಲ್ಲಿ ಸಾಗರಗಳ ನೀರಿನಲ್ಲಿರುವ ಹೈಡ್ರೋಜನ್ ಎಲ್ಲ ಖಾಲಿಯಾಗಲು 1.6 ಲಕ್ಷ ಕೋಟಿ ವರ್ಷ ಬೇಕು. ಯಾವ ಗ್ರಹ ಯಾವ ಅನಿಲವನ್ನು ಬಿಟ್ಟುಕೊಡುತ್ತದೆ ಎಂಬುದನ್ನು ಅರ್ಧ ಗಂಟೆಯಲ್ಲಿ ಅಂದಾಜು ಮಾಡಬಹುದು. ವರ್ಗಮೂಲ ಮತ್ತು 'ಇ' ಘಾತದ ಗುಂಡಿಗಳಿರುವ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು ಅನಿಲ ಹೊರಹೋಗುವ ಬಾಗಿಲು ಎಲ್ಲಿದೆ ಎಂದು ಗುರುತಿಸಿ. ವಾತಾವರಣ ಮೇಲೆ ಹೋದಂತೆ ತೆಳುವಾಗುತ್ತದೆ. ಒಂದು ಎತ್ತರದ ಆಚೆ, ಮೇಲಕ್ಕೆ ಹಾರಿದ ಕಣ ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಸಂಭವ ತೀರಾ ಕಡಿಮೆ. ಆ ಮಟ್ಟಕ್ಕೆ ಎಕ್ಸೋಬೇಸ್ ಎನ್ನುತ್ತಾರೆ. ಭೂಮಿಗೆ ಅದು ಸುಮಾರು 500 ಕಿ.ಮೀ. ಎತ್ತರದಲ್ಲಿದೆ, ಅಲ್ಲಿನ ತಾಪ ಸುಮಾರು 1,000 ಕೆಲ್ವಿನ್. ಮಂಗಳದಲ್ಲಿ ಸುಮಾರು 200 ಕಿ.ಮೀ., 250 ಕೆಲ್ವಿನ್. ಶುಕ್ರನಲ್ಲೂ ಹೆಚ್ಚುಕಡಿಮೆ ಇವೇ ಅಂಕಿಗಳು. ಶನಿಯ ಉಪಗ್ರಹ ಟೈಟನ್‌ನಲ್ಲಿ ಸುಮಾರು 1,500 ಕಿ.ಮೀ., 150 ಕೆಲ್ವಿನ್.

ನಂತರ ಆ ಎತ್ತರದ ವಿಮೋಚನಾ ವೇಗ, ಅಂದರೆ ಗ್ರಹದ ಸೆಳೆತ ಮೀರಿ ಹೊರಹೋಗಲು ಬೇಕಾದ ಕನಿಷ್ಠ ವೇಗ:

ಮೇಲ್ಮೈಯ ವಿಮೋಚನಾ ವೇಗ × √(ಗ್ರಹದ ತ್ರಿಜ್ಯ ÷ ಎಕ್ಸೋಬೇಸ್‌ನ ತ್ರಿಜ್ಯ)

ಭೂಮಿಗೆ 11.19 × √(6,371 ÷ 6,871) = 10.8 ಕಿ.ಮೀ./ಸೆ. ವ್ಯತ್ಯಾಸ ಅಲ್ಪ ಎನಿಸಿ ಈ ಹೆಜ್ಜೆಯನ್ನು ಬಿಟ್ಟರೆ ಟೈಟನ್‌ನಲ್ಲಿ ಎಡವುತ್ತೀರಿ. ಅಲ್ಲಿ 2.64 ಇದ್ದದ್ದು 2.1ಕ್ಕೆ ಇಳಿಯುತ್ತದೆ.

ಮೂರನೆಯದು ಕಣದ ವೇಗ:

0.129 × √(ತಾಪ ÷ ಪರಮಾಣು ತೂಕ) ಕಿ.ಮೀ./ಸೆ.

ತಾಪ ಕೆಲ್ವಿನ್‌ನಲ್ಲೇ ಇರಲಿ. ಹೈಡ್ರೋಜನ್‌ಗೆ 1 ಹಾಕಿ, 2 ಅಲ್ಲ. ಆಮ್ಲಜನಕಕ್ಕೆ 16, 32 ಅಲ್ಲ. ಅಷ್ಟು ಮೇಲೆ ಇವು ಬಹುತೇಕ ಬಿಡಿ ಪರಮಾಣುಗಳಾಗಿಯೇ ಇರುತ್ತವೆ.

ಈಗ ವಿಮೋಚನಾ ವೇಗವನ್ನು ಕಣದ ವೇಗದಿಂದ ಭಾಗಿಸಿ ವರ್ಗ ಮಾಡಿ. ಸಿಗುವುದು ಬ್ರಿಟಿಷ್ ಭೌತವಿಜ್ಞಾನಿ ಜೇಮ್ಸ್ ಜೀನ್ಸ್ ಹೆಸರಿನ ಅಂಕ; ಅದು ದೊಡ್ಡದಾದಷ್ಟೂ ಸೋರಿಕೆ ಕಡಿಮೆ. ಭೂಮಿಯ ಹೈಡ್ರೋಜನ್‌ಗೆ (10.8 ÷ 4.08)² ≈ 7. ಹೀಲಿಯಂಗೆ 28, ಆಮ್ಲಜನಕಕ್ಕೆ 112. ಈ ಅಂಕವನ್ನು ಋಣಾತ್ಮಕವಾಗಿಸಿ 'ಇ' ಘಾತಕ್ಕೆ ಏರಿಸಿ: 7ಕ್ಕೆ ಸುಮಾರು ಸಾವಿರದಲ್ಲಿ ಒಂದು ಬರುತ್ತದೆ, 112ಕ್ಕೆ ಬರುವುದು ಸೊನ್ನೆ ಎಂದೇ ಇಟ್ಟುಕೊಳ್ಳಿ. ಅಂಕ 2-3ಕ್ಕೆ ಇಳಿದರೆ ಕಣಗಳು ಒಂದೊಂದಾಗಿ ಹಾರುವ ಮಾತೇ ಇಲ್ಲ, ಇಡೀ ಪದರವೇ ಹೊಳೆಯಂತೆ ಹೊರಕ್ಕೆ ಹರಿಯುತ್ತದೆ. ಆಗ ಈ ವಿಧಾನವನ್ನು ಬದಿಗಿಡಿ.

ಎಲ್ಲರೂ ಮಾಡುವ ತಪ್ಪು, ನೆಲದ ತಾಪ ಹಾಕುವುದು. 288 ಕೆಲ್ವಿನ್ ಹಾಕಿದರೆ ಹೈಡ್ರೋಜನ್‌ನ ಅಂಕ ಸುಮಾರು 24 ಆಗುತ್ತದೆ, ಘಾತದ ಬೆಲೆ ಸುಮಾರು 3 ಕೋಟಿ ಪಟ್ಟು ಕುಸಿಯುತ್ತದೆ. 'ಭೂಮಿಯಿಂದ ಹೈಡ್ರೋಜನ್ ತಪ್ಪಿಸಿಕೊಳ್ಳುವುದೇ ಇಲ್ಲ' ಎಂಬ ಸುಳ್ಳು ಉತ್ತರ ಹುಟ್ಟುವುದು ಹೀಗೆ.

ಸರಿಯಾದ ತಾಪ ಹಾಕಿದರೂ 3 ಕಿಲೋದಲ್ಲಿ ಒಂದು ಪಾಲಷ್ಟೇ ಈ ಲೆಕ್ಕಕ್ಕೆ ಸಿಗುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಬೇರೆ ದಾರಿ ಹಿಡಿಯುತ್ತದೆ: ವೇಗವಾಗಿ ಓಡುತ್ತಿರುವ ಪ್ರೋಟಾನ್ ಒಂದು ನಿಧಾನದ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಂಡು, ಕಾಂತಕ್ಷೇತ್ರದ ಹಿಡಿತ ತಪ್ಪಿಸಿಕೊಂಡು ಹಾರುತ್ತದೆ. ಇಷ್ಟಾದರೂ ಒಟ್ಟು ಸೋರಿಕೆಯನ್ನು ನಿರ್ಧರಿಸುವುದು ಬಾಗಿಲಲ್ಲ, ಬಾಗಿಲಿಗೆ ಬರುವ ದಾರಿ. ಹೈಡ್ರೋಜನ್ ಹೊತ್ತು ಮೇಲೇರುವ ನೀರಾವಿ ಸುಮಾರು 10-17 ಕಿ.ಮೀ. ಎತ್ತರದ ಚಳಿಯಲ್ಲಿ ಹೆಪ್ಪುಗಟ್ಟಿ ಕೆಳಗಿಳಿಯುತ್ತದೆ. ಅದನ್ನು ದಾಟಿದ ಗಾಳಿಯಲ್ಲಿ ನೀರು ಹತ್ತು ಲಕ್ಷದಲ್ಲಿ ಮೂರ್ನಾಲ್ಕು ಭಾಗ ಮಾತ್ರ. ಆದ್ದರಿಂದ ಎಕ್ಸೋಬೇಸ್ ತಾಪದಲ್ಲಿ ನೂರಿನ್ನೂರು ಕೆಲ್ವಿನ್ ತಪ್ಪಿದರೂ ಭೂಮಿಯ ಒಟ್ಟು ಸೋರಿಕೆ ಅಷ್ಟೇನೂ ಬದಲಾಗದು.

ಮಂಗಳದಲ್ಲಿ ಆಮ್ಲಜನಕದ ಜೀನ್ಸ್ ಅಂಕ 90ರ ಮೇಲೆ, ಅಂದರೆ ಬಿಸಿಯಿಂದ ಹಾರಲಾರದು. ಆದರೂ ಹಾರುತ್ತಿದೆ! ಇಲ್ಲಿ ಎರಡನೆಯ ಲೆಕ್ಕ ಬೇಕು:

ಬೇಕಾದ ಶಕ್ತಿ = 0.0052 × ಪರಮಾಣು ತೂಕ × (ವಿಮೋಚನಾ ವೇಗ)² ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯನ್ನು ಅಳೆಯುವ ಮಾನ)

ಎಕ್ಸೋಬೇಸ್‌ನ ವೇಗ 4.9 ಹಾಕಿದರೆ ಸುಮಾರು 2 ಬರುತ್ತದೆ. ಸೂರ್ಯನ ನೇರಳಾತೀತ ಕಿರಣಗಳಿಂದ ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ ಅಣು, ಮತ್ತೊಂದು ಎಲೆಕ್ಟ್ರಾನ್ ಸೇರಿದ ಕೂಡಲೇ ಎರಡಾಗಿ ಸೀಳುತ್ತದೆ. ಆಗ ಒಂದೊಂದು ಪರಮಾಣುವಿಗೂ ಹೆಚ್ಚೆಂದರೆ ಸುಮಾರು 3.5 ಎಲೆಕ್ಟ್ರಾನ್ ವೋಲ್ಟ್ ದಕ್ಕುತ್ತದೆ. 2 ಬೇಕಾದಲ್ಲಿ 3.5 ಇದ್ದರೆ ಧಾರಾಳವಾಯಿತು. ಇದೇ ಸೀಳುವಿಕೆ ಶುಕ್ರನಲ್ಲೂ ನಡೆಯುತ್ತದೆ, ಆದರೆ ಅಲ್ಲಿ 8.6 ಬೇಕು, ಭೂಮಿಯಲ್ಲಿ 9.6. ಹಾಗಾಗಿ ಒಂದೇ ಕ್ರಿಯೆ ಮಂಗಳದ ಗಾಳಿಯನ್ನು ಬರಿದು ಮಾಡುತ್ತದೆ, ದೊಡ್ಡ ಗ್ರಹಗಳಲ್ಲಿ ವ್ಯರ್ಥವಾಗುತ್ತದೆ. ಬೇರೆಲ್ಲ ಹೆಜ್ಜೆಗಳಿಗಿಂತ ಹೆಚ್ಚು ತಿಳಿಸುವ ಹೋಲಿಕೆ ಇದು.

ಹಿಂದೆ ಎಷ್ಟು ಹೋಯಿತು ಎಂದು ತಿಳಿಯಲು ಉಳಿದದ್ದನ್ನು ನೋಡಬೇಕು. ಹಗುರ ಪರಮಾಣು ಮೊದಲು ಹೋಗುವುದರಿಂದ ಭಾರದ್ದರ ಪಾಲು ಏರುತ್ತದೆ. ಇದಕ್ಕೆ ಆರ್ಗಾನ್ ಹೇಳಿ ಮಾಡಿಸಿದ ಅನಿಲ. ಅದು ಯಾವುದರ ಜೊತೆಗೂ ಸೇರುವುದಿಲ್ಲ, ಆದ್ದರಿಂದ ಕಲ್ಲಿನಲ್ಲಿ ಅಡಗಿರಬಹುದೇ ಎಂಬ ಅನುಮಾನವಿಲ್ಲ. 2014ರಲ್ಲಿ ಮಂಗಳ ತಲುಪಿದ ನಾಸಾದ ಮೇವನ್ ನೌಕೆ ಹಗುರ ಆರ್ಗಾನ್ 36 ಮತ್ತು ಭಾರದ ಆರ್ಗಾನ್ 38ರ ಪ್ರಮಾಣವನ್ನು ಅಳೆಯಿತು. ಅದರ ಆಧಾರದಲ್ಲಿ, ಆ ಗ್ರಹದ ಆರ್ಗಾನ್‌ನ ಸುಮಾರು ಮೂರನೇ ಎರಡು ಭಾಗ ಹೋಗಿದೆ ಎಂದು 2017ರಲ್ಲಿ ಪ್ರಕಟವಾಯಿತು. ಹೈಡ್ರೋಜನ್ ಮತ್ತು ಅದರ ಭಾರದ ರೂಪವಾದ ಡ್ಯೂಟೀರಿಯಂ ಜೋಡಿಗೂ ಇದೇ ತರ್ಕ. ಮಂಗಳಯಾನದಲ್ಲಿದ್ದ, ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯದ ಲೈಮನ್ ಆಲ್ಫಾ ಫೋಟೋಮೀಟರ್ ರೂಪುಗೊಂಡಿದ್ದು ಆ ಜೋಡಿಗಾಗಿಯೇ.

ಇಂದಿನ ಅಂಕವನ್ನು ಹಿಡಿದು 400 ಕೋಟಿ ವರ್ಷ ಹಿಂದಕ್ಕೆ ಗುಣಿಸಬೇಡಿ. ಶುಕ್ರನ ಹೈಡ್ರೋಜನ್‌ಗೆ ಇಂದಿನ ಜೀನ್ಸ್ ಅಂಕ ಸುಮಾರು 25. ಅದನ್ನೇ ನಂಬಿದರೆ ಅಲ್ಲಿ ನೀರು ಭದ್ರವಾಗಿ ಇರಬೇಕಿತ್ತು. ಆದರೆ ಅಲ್ಲಿ ಡ್ಯೂಟೀರಿಯಂನ ಪಾಲು ಭೂಮಿಗಿಂತ ನೂರು ಪಟ್ಟಿಗೂ ಹೆಚ್ಚು, ಅಂದರೆ ಹಗುರ ಹೈಡ್ರೋಜನ್ ಬಹಳಷ್ಟು ಹೋಗಿದೆ. ಎಳೆಯ ಸೂರ್ಯ ನೇರಳಾತೀತವನ್ನು ಈಗಿನದಕ್ಕಿಂತ ಎಷ್ಟೋ ಪಾಲು ಹೆಚ್ಚು ಸುರಿಸುತ್ತಿದ್ದ, ಎಕ್ಸೋಬೇಸ್ ಆಗ 250 ಕೆಲ್ವಿನ್‌ನಲ್ಲಿ ಇರಲಿಲ್ಲ.