ಕ್ರೂಸ್‌ಗೆ ಹೊರಟಿದ್ದೀರಾ? ಮೊದಲು ಹಡಗಿನ ಟೈಮಿಗೆ ವಾಚ್ ತಿರುಗಿಸಿ

ಸಾಗರದಲ್ಲಿ ಹುಟ್ಟಿದವರಿಗೇ ಸಾಗರ ಗೊತ್ತಿಲ್ಲ ಅಂತ ನಮ್ಮನೆಯವರು ಆಗಾಗ ತಮಾಷೆ ಮಾಡುತ್ತಾರೆ. ಸುಳ್ಳೇನಲ್ಲ. ನಮಗೆ ಗೊತ್ತಿದ್ದ ಹಡಗು ಅಂದರೆ ಸಿಗಂದೂರಿಗೆ ಹೋಗುವ ಹೊಳೆಬಾಗಿಲಿನ ಲಾಂಚ್ ಒಂದೇ. 2025ರ ಜುಲೈಯಲ್ಲಿ ಸೇತುವೆ ಆಯಿತು, ಸರಿ. ಆದರೆ ಅದಕ್ಕೆ ಮೊದಲು ಶರಾವತಿ ಹಿನ್ನೀರು ದಾಟಿದವರಿಗೆಲ್ಲ ಒಂದು ಪಾಠ ಮೈಗೆ ಹತ್ತಿತ್ತು: ಸಂಜೆಯ ಕೊನೆ ಲಾಂಚ್ ತಪ್ಪಿದರೆ ಆ ದಡದಲ್ಲೇ ಉಳಿಯಬೇಕು, ಎಷ್ಟು ಕೂಗಿದರೂ ಅದು ತಿರುಗಿ ಬರುವುದಿಲ್ಲ.

ಅದೇ ಪಾಠ ಕ್ರೂಸ್‌ಗೂ ಸಾಕು. ನಾವು ಸಿಂಗಾಪುರದಿಂದ ಪೆನಾಂಗ್, ಫುಕೆಟ್ ನೋಡಿ ವಾಪಸ್ ಬರುವ ನಾಲ್ಕು ರಾತ್ರಿಯ ಹಡಗಿಗೆ ಹೋಗಿದ್ದೆವು. ನಾನು, ನಮ್ಮನೆಯವರು, ಹನ್ನೊಂದು ವರ್ಷದ ಮಗ, ಮತ್ತೆ ನಮ್ಮತ್ತೆ. ಬಂದಾಗಿನಿಂದ ಸಾಗರ, ಸೊರಬ, ಶಿವಮೊಗ್ಗದ ನೆಂಟರೆಲ್ಲ ಫೋನ್ ಮಾಡಿ ಕೇಳಿದ್ದನ್ನೇ ಕೇಳುತ್ತಿದ್ದಾರೆ. ಅದಕ್ಕೇ ಒಂದೇ ಸಲ ಬರೆದುಬಿಡುತ್ತೇನೆ.

ಹೊರಡುವ ಮೊದಲು

ಹಡಗು ಹೊರಡುವ ಊರಿಗೆ ಒಂದು ದಿನ ಮೊದಲೇ ಹೋಗಿ ಇರಿ. ತಾಳಗುಪ್ಪದ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಅಲ್ಲಿಂದ ವಿಮಾನ, ಇಳಿದ ಕೂಡಲೇ ಹಡಗು ಅಂತ ಲೆಕ್ಕ ಹಾಕಿದರೆ ಮಧ್ಯೆ ಎಲ್ಲಾದರೂ ಒಂದು ಕೊಂಡಿ ಕಳಚುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಹಡಗಿನ ಚೆಕ್‌ಇನ್ ಅದು ಹೊರಡುವ ಹೊತ್ತಿಗಿಂತ ಬಹಳ ಮೊದಲೇ ಮುಚ್ಚುತ್ತದೆ, ನೆನಪಿರಲಿ. ವೀಸಾದಲ್ಲಿ ಎಷ್ಟು ಸಲ ಒಳಗೆ ಬರಬಹುದು ಅಂತ ಬರೆದಿರುತ್ತದಲ್ಲ, ಅದನ್ನೂ ನೋಡಿ. ಸಿಂಗಾಪುರದಿಂದ ಹೊರಟು ಮತ್ತೆ ಸಿಂಗಾಪುರಕ್ಕೇ ಬಂದರೆ ಅದು ಎರಡನೇ ಎಂಟ್ರಿ.

ಚೀಲಕ್ಕೆ ಏನು ಹಾಕುತ್ತೀರಿ ಅನ್ನುವುದು ನಮ್ಮ ಕಡೆಯವರಿಗೆ ದೊಡ್ಡ ವಿಷಯ. ಇಸ್ತ್ರಿ ಪೆಟ್ಟಿಗೆ, ಕರೆಂಟಿನ ಕೆಟಲ್, ಪುಟ್ಟ ರೈಸ್ ಕುಕ್ಕರ್ ಎಲ್ಲ ಮನೆಯಲ್ಲೇ ಇರಲಿ. ಬೆಂಕಿ ಭಯಕ್ಕೆ ಹಡಗಿನವರು ಅವನ್ನೆಲ್ಲ ಸ್ಕ್ಯಾನರ್ ಹತ್ತಿರವೇ ಎತ್ತಿಡುತ್ತಾರೆ. ಗಸಗಸೆ ಮಾತ್ರ ಖಂಡಿತ ಬೇಡ. ನಮಗೆ ಅದು ಪಾಯಸ. ಸಿಂಗಾಪುರದಲ್ಲಿ, ದುಬೈನಲ್ಲಿ ಅದು ಮಾದಕ ವಸ್ತುವಿನ ಕಾನೂನಿನ ಕೆಳಗೆ ಬರುತ್ತದೆ, ತಮಾಷೆ ಅಲ್ಲ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರು ನಿಮ್ಮ ಜೊತೆ ಇದ್ದರೆ ಇನ್ನೊಂದು ಮಾತು: ಜಗಿಯುವ ತಂಬಾಕನ್ನು ಸಿಂಗಾಪುರಕ್ಕೆ ಒಯ್ಯುವ ಹಾಗಿಲ್ಲ. ಚ್ಯೂಯಿಂಗ್ ಗಮ್ಮಿಗೆ 1992ರಿಂದಲೇ ನಿಷೇಧ. ಅತ್ತೆಯ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿಯನ್ನು ನಾನೇ ಹಟ ಮಾಡಿ ಬಿಡಿಸಿದೆ. ಅದರ ಬೇಜಾರು ಅವರಿಗೆ ಇನ್ನೂ ಇದೆ.

ಫೋನನ್ನು ಹಡಗು ಬಿಡುವ ಮೊದಲೇ ಫ್ಲೈಟ್ ಮೋಡ್‌ಗೆ ಹಾಕಿ. ನಡುಸಮುದ್ರದಲ್ಲಿ ಹಡಗಿನದೇ ಮೊಬೈಲ್ ನೆಟ್‌ವರ್ಕ್ ಸಿಗುತ್ತದೆ, ನಿಮ್ಮ ಫೋನ್ ತಾನಾಗಿಯೇ ಅದಕ್ಕೆ ಅಂಟಿಕೊಳ್ಳುತ್ತದೆ, ಬಿಲ್ಲು ಊರಿಗೆ ಬಂದಮೇಲೆ ಗೊತ್ತಾಗುತ್ತದೆ.

ಮೊದಲ ದಿನದ ಡ್ರಿಲ್

ಹತ್ತಿದ ಕೂಡಲೇ ಎಲ್ಲರೂ ಊಟದ ಕಡೆ ಓಡುತ್ತಾರೆ. ನೀವು ಮೊದಲು ಮಸ್ಟರ್ ಸ್ಟೇಷನ್ ಎಲ್ಲಿದೆ ನೋಡಿಕೊಳ್ಳಿ. ಅಂದರೆ ಅಪಾಯ ಬಂದಾಗ ಸೇರಬೇಕಾದ ಜಾಗ. ಅದಕ್ಕೆ ಮೊದಲೇ ಮಾಡಿಸುವ ಅಭ್ಯಾಸವೇ ಡ್ರಿಲ್. ನಂಬರ್ ಹಡಗಿನವರು ಕೊಡುವ ನಿಮ್ಮ ಕಾರ್ಡಿನ ಮೇಲೆ ಬರೆದಿರುತ್ತದೆ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಹಾರ್ನ್ ಕೂಗಿದರೆ ಅದು ಅಪಾಯದ ಸೂಚನೆ. ಆಗ ಲಿಫ್ಟ್ ಹತ್ತಬೇಡಿ, ಮೆಟ್ಟಿಲಲ್ಲೇ ಹೋಗಿ.

ನಮ್ಮನೆಯವರು ಇದೆಲ್ಲ ಸುಮ್ನೆ ಶಾಸ್ತ್ರ ಅಂದರು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಅನ್ನುವ ಕ್ರೂಸ್ ಹಡಗು ಬಂಡೆಗೆ ಬಡಿದು ಮಗುಚಿತಲ್ಲ, 32 ಜನ ಹೋದರು. ಅವತ್ತೇ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿರಲೇ ಇಲ್ಲ. ಆಗಿನ ನಿಯಮದಲ್ಲಿ ಒಂದು ದಿನದೊಳಗೆ ಮಾಡಿದರೆ ಸಾಕಿತ್ತು. ಈಗ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಆಗಬೇಕು. ಇದನ್ನು ಹೇಳಿದ ಮೇಲೆ ಅವರೂ ಬಂದರು, ಕೈಯಲ್ಲಿ ತಟ್ಟೆ ಹಿಡಿದುಕೊಂಡೇ.

ಒಳಗಿನ ಆಟಗಳು

ದಿನಾ ರಾತ್ರಿ ರೂಮಿಗೆ ಒಂದು ಹಾಳೆ ಬರುತ್ತದೆ, ಇಲ್ಲದಿದ್ದರೆ ಹಡಗಿನ ಆ್ಯಪ್‌ನಲ್ಲಿ ಇರುತ್ತದೆ. ಮಾರನೇ ದಿನ ಎಲ್ಲಿ ಏನು, ಎಷ್ಟು ಹೊತ್ತಿಗೆ ಅಂತ. ಅದರಲ್ಲಿ ನಲವತ್ತು ಐವತ್ತು ಸಾಲು ಇರುತ್ತವೆ. ಎಲ್ಲಾ ನೋಡಲಿಕ್ಕೆ ಹೊರಟವರು ಯಾವುದನ್ನೂ ನೋಡುವುದಿಲ್ಲ. ನಾವು ಮೊದಲ ದಿನ ಹಾಗೇ ಮಾಡಿದೆವು, ಸಂಜೆ ಹೊತ್ತಿಗೆ ಜಾತ್ರೆಯಲ್ಲಿ ಅಲೆದ ಹಾಗೆ ಕಾಲು ಸೋತು ಎಲ್ಲರಿಗೂ ಸಿಟ್ಟು. ಎರಡನೇ ದಿನದಿಂದ ಒಂದು ಪೆನ್ನು ತಗೊಂಡು ತಲೆಗೆ ಎರಡರಂತೆ ಗುರುತು ಹಾಕಿದೆವು. ಅಷ್ಟೇ ಸಾಕು.

ದೊಡ್ಡ ಥಿಯೇಟರಿನ ಶೋ ಸಾಮಾನ್ಯವಾಗಿ ರಾತ್ರಿ ಎರಡು ಸಲ ಇರುತ್ತದೆ, ಮೊದಲು ಊಟ ಮಾಡುವವರಿಗೆ ಒಂದು, ಆಮೇಲೆ ಮಾಡುವವರಿಗೆ ಇನ್ನೊಂದು. ಸೀಟು ಕಡಿಮೆ ಇರುವ ಆಟಗಳನ್ನು, ಐಸ್ ಮೇಲೆ ಜಾರುವಂಥದ್ದನ್ನು, ಹತ್ತಿದ ದಿನವೇ ಬುಕ್ ಮಾಡಿ. ಶೋಗೆ ಇಪ್ಪತ್ತು ನಿಮಿಷ ಮೊದಲು ಹೋಗಿ, ಆದರೆ ಮುಂದಿನ ಸಾಲಲ್ಲಿ ಕೂರಬೇಡಿ. ಕಾರಣ ಎರಡು. ಒಂದು, ಜಾದೂಗಾರ, ಹಾಸ್ಯದವರು ಮುಂದೆ ಕೂತವರನ್ನೇ ಸ್ಟೇಜಿಗೆ ಎಳೆಯುತ್ತಾರೆ. ಎರಡು, ಎಷ್ಟೋ ಹಡಗಿನಲ್ಲಿ ಥಿಯೇಟರ್ ಇರುವುದೇ ಹಡಗಿನ ಮೂತಿಯ ಕಡೆ, ಅಲ್ಲಿ ಅಲೆಯ ಏರಿಳಿತ ಜಾಸ್ತಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವಿನಲ್ಲಿ ಕಿಟಕಿಗೆ ತಲೆ ಹಾಕುವ ಜಾತಿಯವರಾದರೆ ಹಿಂದಿನ ಸಾಲಲ್ಲಿ, ಬಾಗಿಲ ಹತ್ತಿರ ಕೂತುಕೊಳ್ಳಿ. ರೂಮನ್ನೂ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುವೆ ಕೇಳಿ ತಗೊಳ್ಳಿ. ವಾಂತಿ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಮೊದಲೇ ಇಟ್ಟುಕೊಳ್ಳಿ. ಅದನ್ನು ಹೊಟ್ಟೆ ತೊಳೆಸುವ ಮೊದಲು ನುಂಗಬೇಕು, ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ.

ಇನ್ನು ಶೋ ಹೇಗಿರುತ್ತದೆ ಅಂದರೆ, ಬೆಳಕು, ಬಟ್ಟೆ, ಕುಣಿತ ಎಲ್ಲ ಭರ್ಜರಿ. ಆದರೆ ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಬೆಳಗಿನ ತನಕ ಯಕ್ಷಗಾನ ನೋಡಿ ಬೆಳೆದ ನಮ್ಮತ್ತೆ ದೀಪ ಹತ್ತಿದ ಮೇಲೂ ಏಳಲಿಲ್ಲ. "ಇದು ಪೂರ್ವರಂಗ ಅಲ್ವೇನೇ? ಪ್ರಸಂಗ ಎಷ್ಟು ಹೊತ್ತಿಗೆ?" ಅಂದರು. ಹೆಗ್ಗೋಡಿನಲ್ಲಿ ನಾಟಕ ನೋಡುವ ಅಭ್ಯಾಸ ಇರುವವರು ಇಲ್ಲಿ ಕಥೆ ಹುಡುಕಬೇಡಿ, ಕಣ್ಣಿಗೆ ಹಬ್ಬ ಅಂತ ನೋಡಿ.

ದುಡ್ಡು ಸೋರುವ ಜಾಗಗಳು ಬೇರೆ. ಹಡಗಿನಲ್ಲಿ ಜೇಬಿಂದ ನೋಟು ತೆಗೆಯುವುದಿಲ್ಲ, ಕಾರ್ಡು ತೋರಿಸಿದರೆ ಆಯಿತು, ಹಾಗಾಗಿ ಖರ್ಚಾಗಿದ್ದು ಗೊತ್ತೇ ಆಗುವುದಿಲ್ಲ. ಬಿಂಗೊ ಆಟಕ್ಕೆ ದುಡ್ಡು. ನಗುನಗುತ್ತಾ ತಟ್ಟೆಯಲ್ಲಿ ತರುವ ಬಣ್ಣದ ಜ್ಯೂಸಿಗೆ ದುಡ್ಡು. ಉಚಿತ ಅಂತ ಕರೆಯುವ ಸ್ಪಾ ಭಾಷಣದ ಕೊನೆಗೆ ಕ್ರೀಮು ಮಾರುತ್ತಾರೆ. ತಲೆಗೆ ದಿನಕ್ಕೆ ಇಷ್ಟು ಅಂತ ಟಿಪ್ಸ್ ತಾನಾಗಿಯೇ ಸೇರುವುದೂ ಉಂಟು. ಕ್ಯಾಸಿನೊ, ಡ್ಯೂಟಿ ಫ್ರೀ ಅಂಗಡಿ ಹಡಗು ಬಂದರಿನಲ್ಲಿ ನಿಂತಾಗ ಸಾಮಾನ್ಯವಾಗಿ ಮುಚ್ಚಿರುತ್ತವೆ, ಸಮುದ್ರಕ್ಕೆ ಹೋದಮೇಲೆ ತೆಗೆಯುತ್ತವೆ. ಇಸ್ಪೀಟಿನ ಚಟ ಇದ್ದವರನ್ನು ಆ ಹೊತ್ತಿಗೆ ಊಟಕ್ಕೆ ಕರೆದುಕೊಂಡು ಹೋಗಿ. ಎರಡನೇ ದಿನವೇ ಕೌಂಟರಿಗೆ ಹೋಗಿ ಲೆಕ್ಕ ನೋಡಿ. ನಮ್ಮ ಲೆಕ್ಕದಲ್ಲಿ ಮಗ ಆಡಿದ ವಿಡಿಯೋ ಗೇಮಿನದೇ ಒಂದು ಉದ್ದ ಪಟ್ಟಿ ಇತ್ತು.

ಮಕ್ಕಳ ವಿಷಯಕ್ಕೆ ಬಂದರೆ, ಎಷ್ಟೋ ಹಡಗಿನ ಈಜುಕೊಳದಲ್ಲಿ ಕಾವಲಿಗೆ ಯಾರೂ ಇರುವುದಿಲ್ಲ, ನೀವೇ ಇರಬೇಕು. ಡೆಕ್ಕಿನ ಬಾಗಿಲು ಭಾರ, ಗಾಳಿಗೆ ರಪ್ಪನೆ ಬಡಿಯುತ್ತದೆ, ಬೆರಳು ಜೋಪಾನ. ಬಾಲ್ಕನಿಯಲ್ಲಿ ಕುರ್ಚಿಯನ್ನು ಕಂಬಿಯಿಂದ ದೂರ ಇಡಿ.

ನನ್ನನ್ನು ಕೇಳಿದರೆ ಅಲ್ಲಿನ ಅತಿ ಒಳ್ಳೆಯ ಆಟಕ್ಕೆ ಟಿಕೆಟ್ಟೂ ಇಲ್ಲ, ಹಾಳೆಯಲ್ಲಿ ಅದರ ಹೆಸರೂ ಇಲ್ಲ. ಬೆಳಗ್ಗೆ ಬಂದರು ಹತ್ತಿರ ಆದಾಗ ಎದ್ದು ಡೆಕ್ಕಿಗೆ ಹೋಗಿ. ಒಂದು ಪುಟ್ಟ ದೋಣಿ ನಮ್ಮ ಹಡಗಿನ ಪಕ್ಕಕ್ಕೆ ಬಂದು ಅದೇ ವೇಗದಲ್ಲಿ ಓಡುತ್ತದೆ. ಹಡಗಿನ ಹೊಟ್ಟೆಯಲ್ಲಿ ಒಂದು ಬಾಗಿಲು ತೆಗೆಯುತ್ತದೆ. ಹಗ್ಗದ ಏಣಿ ಇಳಿಬಿಡುತ್ತಾರೆ. ದೋಣಿಯಲ್ಲಿದ್ದವನು ಅಲೆ ಮೇಲೆದ್ದ ಗಳಿಗೆ ನೋಡಿ ಏಣಿ ಹಿಡಿದು ಚಕಚಕ ಹತ್ತಿ ಒಳಗೆ ಹೋಗುತ್ತಾನೆ. ಅವನೇ ಆ ಬಂದರಿನ ಪೈಲಟ್. ಎಲ್ಲಿ ಆಳ, ಎಲ್ಲಿ ದಿಬ್ಬ ಅಂತ ಬಲ್ಲವನು. ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆ ಎಲ್ಲೆಲ್ಲಿವೆ ಅಂತ ಲಾಂಚ್ ಓಡಿಸುವವರಿಗೆ ಗೊತ್ತಿರುತ್ತಿತ್ತಲ್ಲ, ಹಾಗೆ. ಅತ್ತೆ ಎರಡು ದಿನವೂ ಕಾಫಿ ಹಿಡಿದುಕೊಂಡು ಹೋಗಿ ಅದನ್ನೇ ನೋಡಿದರು.

ಬಂದರಿನಲ್ಲಿ ಇಳಿದಾಗ

ಪೆನಾಂಗ್ ಸುಲಭ. ಹಡಗು ಜಾರ್ಜ್ ಟೌನಿನ ಕಟ್ಟೆಗೇ ಬಂದು ನಿಲ್ಲುತ್ತದೆ, ಲಿಟಲ್ ಇಂಡಿಯಾಕ್ಕೆ ನಡೆದೇ ಹೋಗಬಹುದು, ಮಾರಿಯಮ್ಮನ ಗುಡಿಯೂ ಅಲ್ಲೇ ಇದೆ. ಟ್ಯಾಕ್ಸಿ ಬೇಕಾದರೆ ಗೇಟಿನ ಹತ್ತಿರ ಮುತ್ತಿಕೊಳ್ಳುವವರನ್ನು ಬಿಟ್ಟು ಕೌಂಟರಿಗೆ ಹೋಗಿ. ರೇಟು ತಲೆಗೋ ಗಾಡಿಗೋ, ಯಾವ ದೇಶದ ದುಡ್ಡಿನಲ್ಲಿ, ಹೋಗಲಿಕ್ಕೆ ಮಾತ್ರವೋ ಬರಲಿಕ್ಕೂ ಸೇರಿಯೋ, ಮೂರನ್ನೂ ಕೇಳಿ. ಬರುವ ಬಾಡಿಗೆ ಮೊದಲೇ ಕೊಡಬೇಡಿ.

ಪಾಸ್‌ಪೋರ್ಟ್ ಒಯ್ಯಬೇಕೋ ಬೇಡವೋ ಅಂತ ಪ್ರತಿ ಬಂದರಿಗೂ ಹಡಗಿನವರು ಹೇಳುತ್ತಾರೆ, ಹಾಗೇ ಮಾಡಿ. ಬೇಡ ಅಂದರೆ ರೂಮಿನ ಲಾಕರಿನಲ್ಲಿಟ್ಟು ಜೆರಾಕ್ಸ್ ಒಯ್ಯಿರಿ. ದಿನದ ಹಾಳೆಯಲ್ಲಿ ಆ ಊರಿನ ಪೋರ್ಟ್ ಏಜೆಂಟ್ ಅಂತ ಒಂದು ನಂಬರ್ ಇರುತ್ತದೆ. ಅದರ ಫೋಟೋ ತೆಗೆದುಕೊಳ್ಳಿ. ಹಡಗು ತಪ್ಪಿದರೆ ನಿಮಗೆ ದಿಕ್ಕು ಅವರೇ. ಹಡಗಿನವರೇ ಏರ್ಪಾಡು ಮಾಡಿದ ಟೂರಿಗೆ ಹೋಗಿ ತಡವಾದರೆ ಜವಾಬ್ದಾರಿ ಅವರದು. ನಿಮ್ಮದೇ ಟ್ಯಾಕ್ಸಿಯಲ್ಲಿ ಹೋಗಿ ತಡವಾದರೆ ನಿಮ್ಮದು. ಅದಕ್ಕೇ ದೂರದ ಜಾಗಕ್ಕೆ ದುಬಾರಿಯಾದರೂ ಅವರ ಜೊತೆ ಹೋಗಿ, ಹತ್ತಿರದ್ದನ್ನು ನೀವೇ ನೋಡಿ.

ಫುಕೆಟ್ ಬೇರೆ ಥರ. ನಮ್ಮ ಹಡಗು ಪಟಾಂಗ್ ಕಡಲತೀರದ ಎದುರು ಲಂಗರು ಹಾಕಿತು, ಅಲ್ಲಿಂದ ಸಣ್ಣ ದೋಣಿಯಲ್ಲಿ ದಡಕ್ಕೆ. ಇದಕ್ಕೆ ಟೆಂಡರ್ ಅನ್ನುತ್ತಾರೆ. ಲಕ್ಷದ್ವೀಪಕ್ಕೆ ಹೋದರೂ ಹೀಗೇ ದೋಣಿಗೆ ಇಳಿಯಬೇಕು. ದೋಣಿ ಒಂದಡಿ ಏಳುತ್ತದೆ, ಒಂದಡಿ ಇಳಿಯುತ್ತದೆ. ಎರಡೂ ಕೈ ಖಾಲಿ ಇರಲಿ, ಫೋನ್ ಚೀಲದೊಳಗೆ ಹೋಗಲಿ, ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಹಾಕಿ. ನಾವಿಕ 'ಈಗ' ಅಂದಾಗ ಹೆಜ್ಜೆ ಇಡಿ, ಅವನ ಮೊಣಕೈ ಹಿಡಿದುಕೊಂಡು. ಅತ್ತೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಮ್ಮೆಲ್ಲರಿಗಿಂತ ಚೆನ್ನಾಗಿ ದಾಟಿದರು. ದಡದಲ್ಲಿ ನೀರ ಮೇಲೆ ಓಡಿಸುವ ಜೆಟ್ ಸ್ಕೀ ಬಾಡಿಗೆಗೆ ಕೊಡುತ್ತಾರೆ. ಮಗ ಗೋಗರೆದ, ನಾನು ಬಿಡಲಿಲ್ಲ. ವಾಪಸ್ ತಂದಾಗ ಹಳೆಯ ಗೀರು ತೋರಿಸಿ ನೀವೇ ಮಾಡಿದ್ದು ಅಂತ ಸಾವಿರಾರು ಕೀಳುವುದು ಪಟಾಂಗಿನ ಹಳೇ ಮೋಸ.

ಇಷ್ಟೆಲ್ಲ ಎಚ್ಚರ ಇದ್ದ ನಾನು ಮುಖ್ಯವಾದದ್ದನ್ನೇ ಮರೆತಿದ್ದೆ. ಕೊನೆಯ ದೋಣಿ ಐದೂವರೆಗೆ ಅಂತ ಹಾಳೆಯಲ್ಲಿ ದಪ್ಪಕ್ಷರದಲ್ಲಿತ್ತು. ನನ್ನ ಫೋನಿನಲ್ಲಿ ನಾಲ್ಕೂ ಹತ್ತು. ಒಂದು ಅಂಗಡಿಯಲ್ಲಿ ಎಳನೀರು ಕುಡಿಯುತ್ತಾ ಕೂತಿದ್ದೆವು, ಇನ್ನೊಂದು ಗ್ಲಾಸು ಹೇಳಲೇ ಅಂತ ನಮ್ಮನೆಯವರು ಕೇಳುತ್ತಿದ್ದರು. ಅತ್ತೆ ಸೆರಗು ಸರಿಸಿ ಕೈ ನೋಡಿಕೊಂಡು, "ಏ, ನನ್ನ ವಾಚಲ್ಲಿ ಐದೂ ಹತ್ತಾಗಿದೆಯಲ್ಲೇ" ಅಂದರು. ಅವರದು ಕೀಲಿ ಕೊಡುವ ಹಳೇ ಎಚ್‌ಎಂಟಿ. ಹತ್ತಿದ ದಿನ ಹಡಗಿನ ಗೋಡೆ ಗಡಿಯಾರ ನೋಡಿ ತಿರುಗಿಸಿಕೊಂಡಿದ್ದರಂತೆ. ವಾಚು ಕೆಟ್ಟಿದೆ ಅಂತ ನಾನು ನಗಲು ಹೊರಟು ಅರ್ಧಕ್ಕೇ ನಿಂತೆ. ಥಾಯ್ಲೆಂಡ್ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ನಮ್ಮ ಹಡಗು ಪೂರ್ತಿ ಸಿಂಗಾಪುರದ ಟೈಮಿನಲ್ಲೇ ಓಡುತ್ತಿತ್ತು. ಫೋನು ದಡ ಮುಟ್ಟಿದ ಕೂಡಲೇ ಜಾಣನ ಹಾಗೆ ಥಾಯ್ ಟೈಮಿಗೆ ಬದಲಾಗಿತ್ತು. ಎಳನೀರಿನ ದುಡ್ಡು ಮೇಜಿನ ಮೇಲಿಟ್ಟು ಮರಳಿನಲ್ಲಿ ಓಡಿದೆವು. ಕಟ್ಟೆ ಮುಟ್ಟಿದಾಗ ಅತ್ತೆಯ ವಾಚಿನಲ್ಲಿ ಐದೂ ಇಪ್ಪತ್ತೈದು.

ಹಾಗಾಗಿ ಫೋನಿನಲ್ಲಿ ಟೈಮ್ ತಾನಾಗಿ ಬದಲಾಗುವ ಸೆಟ್ಟಿಂಗ್ ತೆಗೆದುಬಿಡಿ, ಇಲ್ಲವೇ ಮನೆಯಲ್ಲಿ ಯಾರದ್ದಾದರೂ ಮುಳ್ಳಿನ ವಾಚು ಕಟ್ಟಿಕೊಂಡು ಹೋಗಿ. ಕೆಲವು ಹಡಗುಗಳು ಬಂದರಿಗೆ ತಕ್ಕ ಹಾಗೆ ಗಡಿಯಾರ ಬದಲಿಸುತ್ತವೆ, ಕೆಲವು ಬದಲಿಸುವುದಿಲ್ಲ, ಅದಕ್ಕೇ ಇಳಿಯುವ ಬಾಗಿಲಲ್ಲಿ ಕೇಳಿಕೊಳ್ಳಿ. ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಹತ್ತುವ ಕಟ್ಟೆಯಲ್ಲಿರಿ.

ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ರೂಮಿನ ಹೊರಗೆ ಇಡಲು ಹೇಳುತ್ತಾರೆ, ಬೆಳಗ್ಗೆ ಅವು ನೇರ ಕೆಳಗೆ ಸಿಗುತ್ತವೆ. ಮಾತ್ರೆ, ಪಾಸ್‌ಪೋರ್ಟ್, ಬೆಳಗ್ಗೆ ಹಾಕುವ ಬಟ್ಟೆ ಕೈಚೀಲದಲ್ಲಿ ಉಳಿಸಿಕೊಳ್ಳಿ. ನಮ್ಮನೆಯವರು ಅಚ್ಚುಕಟ್ಟಾಗಿ ಎಲ್ಲಾ ಪ್ಯಾಂಟನ್ನೂ ಮಡಚಿ ಪೆಟ್ಟಿಗೆಗೆ ತುಂಬಿ ಹೊರಗಿಟ್ಟು ಮಲಗಿದ್ದರು. ಸಿಂಗಾಪುರದ ಇಮಿಗ್ರೇಷನ್ ಸಾಲಿನಲ್ಲಿ ಪಂಚೆ ಉಟ್ಟು ನಿಂತಿದ್ದವರು ಅವತ್ತು ಅವರೊಬ್ಬರೇ.