ಆಲೆಮನೆಯಿಂದ ಜಿನೀವಾಗೆ ಮೂರು ನಿಮಿಷ: ನನ್ನ ಅನುಭವ

2023ರ ಮಾರ್ಚಿನಲ್ಲಿ ಜಿನೀವಾಗೆ ಹೋಗಿ, ವಿಶ್ವಸಂಸ್ಥೆಯ ಒಂದು ವೇದಿಕೆಯಲ್ಲಿ, ರೈತರಿಗೆ ಫೋನಿನಲ್ಲಿ ಬೆಲ್ಲದ ದರ ತಿಳಿಸುವ ನಮ್ಮ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಮೂರು ನಿಮಿಷ ಮಾತಾಡಿದೆ. ಖರ್ಚಾದದ್ದು ಹತ್ತಿರ ಹತ್ತಿರ 1 ಲಕ್ಷ 90 ಸಾವಿರ. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. 2024ರ ಮೇ ಕೊನೆಯಲ್ಲಿ ಅದೇ ವಿಷಯವನ್ನು ಮದ್ದೂರು ಕಡೆಯ, ಬೆಲ್ಲ ಮಾಡುವ ಒಂದು ಆಲೆಮನೆಯ ಗೋದಾಮಿನಲ್ಲಿ ಕೂತು, ಆನ್‌ಲೈನಿನಲ್ಲಿ, ಕನ್ನಡದಲ್ಲೇ, ಆ ದರ ಹೇಳುವ ಅಕ್ಕನ ಬಾಯಲ್ಲೇ ಹೇಳಿಸಿದೆ. ಖರ್ಚು 22–23 ಸಾವಿರ. ಎರಡು ಪ್ರಶ್ನೆ ಬಂದವು, ಆಮೇಲೆ ನಾಲ್ಕು ಮೇಲ್ ಬಂದವು. ‘ವಿಶ್ವಸಂಸ್ಥೆಯಲ್ಲಿ ಆರೇ ಭಾಷೆ, ನಿಮ್ಮ ಮಂಡ್ಯ ಕನ್ನಡ ಯಾರಿಗೆ ಬೇಕು?’ ಅಂದಿದ್ದ ಮೈಸೂರಿನ ಗೆಳೆಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹೌದು, ಸ್ವಲ್ಪ ಜಂಬವೇ.

ಪೀಠಿಕೆ ಜಾಸ್ತಿ ಬೇಡ. ಇಂಟರ್ನೆಟ್, ಫೋನಿನಂಥವು ಎಲ್ಲರಿಗೂ ಮುಟ್ಟಬೇಕು ಅಂತ ವಿಶ್ವಸಂಸ್ಥೆ ಕರೆದ ಸಭೆ ಮಾಹಿತಿ ಸಮಾಜದ ವಿಶ್ವ ಶೃಂಗಸಭೆ, ನಮ್ಮ ಬಾಯಲ್ಲಿ ‘ವಿಸಿಸ್’. ಅದು 2003ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ, 2005ರ ನವೆಂಬರಿನಲ್ಲಿ ಟ್ಯೂನಿಸ್‌ನಲ್ಲಿ ನಡೆಯಿತು, ಈಗ ವರ್ಷವರ್ಷ ಜಿನೀವಾದಲ್ಲಿ ಅದರ ವೇದಿಕೆ ಸೇರುತ್ತದೆ. ಹೆಸರು ನೋಂದಾಯಿಸುವುದು, ಫಾರಂ ತುಂಬುವುದು ಎಲ್ಲ ಬಿಡುತ್ತೇನೆ. ಒಂದೇ ಮಾತು: ನಿಮ್ಮ ಕೆಲಸ ಯಾವ ‘ಆ್ಯಕ್ಷನ್ ಲೈನ್’, ಅಂದರೆ ಶೃಂಗಸಭೆ ಗೊತ್ತುಮಾಡಿದ ಯಾವ ಕೆಲಸದ ವಿಭಾಗದ ಕೆಳಗೆ ಬರುತ್ತದೆ ಅನ್ನುವುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಸಿ1ರಿಂದ ಸಿ11ರ ತನಕ ಇವೆ. ನಾನು ಮೊದಲ ಸಲ ಆಸೆಬುರುಕನಂತೆ ಐದಕ್ಕೆ ಟಿಕ್ ಹಾಕಿದ್ದೆ. ಎರಡನೇ ಸಲ ಎರಡೇ: ಸಿ7ರಲ್ಲಿ ಬರುವ ಕೃಷಿ, ಸಿ8ರಲ್ಲಿ ಬರುವ ಭಾಷಾ ವೈವಿಧ್ಯ. 2003ರ ಜಿನೀವಾ ಕಾರ್ಯಯೋಜನೆಯಲ್ಲಿ ಹತ್ತು ಗುರಿಗಳಿವೆ. ಮೊದಲನೆಯದೇ ಹಳ್ಳಿಗಳಿಗೆ ಸಂಪರ್ಕ ಕೊಡುವುದು. ಲೋಕದ ಎಲ್ಲ ಭಾಷೆಗಳೂ ಇಂಟರ್ನೆಟ್ಟಿನಲ್ಲಿ ಇರುವಂತೆ ಮಾಡುವುದು ಇನ್ನೊಂದು. ಇವನ್ನೆಲ್ಲ 2015ರೊಳಗೆ ಮಾಡಬೇಕೆಂದು ಅವರೇ ಬರೆದುಕೊಂಡಿದ್ದರು. ಅವರ ಮಾತನ್ನೇ ಹಿಡಿದು ಅವರನ್ನು ಕೇಳುವುದಕ್ಕೆ ಇಷ್ಟು ಸಾಕಲ್ವಾ? ಮೂರು ನಿಮಿಷದ ಅವಕಾಶ ಕೇಳಿ ಬರೆದ ಮೇಲ್‌ನಲ್ಲಿ ಇದನ್ನು ಹೇಗೆ ಹೆಣೆದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಇನ್ನೆರಡು ವರ್ಷ ನನಗೇ ಬೇಕಾಗುತ್ತದೆ.

ನಮ್ಮ ಕೆಲಸ ಚಿಕ್ಕದು. ರೈತರು ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಡುತ್ತಾರೆ. ವಾಪಸ್ ಕರೆ ಬಂದು ಅವತ್ತಿನ ಬೆಲ್ಲದ ದರ, ನಾಲೆಗೆ ನೀರು ಬಿಡುವ ದಿನ ಕೇಳಿಸುತ್ತದೆ. ದನಿ ಒಬ್ಬ ಅಕ್ಕನದು. ಅವರ ಮನೆಯದೇ ಆಲೆಮನೆ. ಆಗ ಸುಮಾರು 600 ಮನೆಗಳು ಇದರಲ್ಲಿದ್ದವು.

2023ರ ದುಡ್ಡಿನ ಕತೆ ಹೇಳಿಬಿಡುತ್ತೇನೆ. ವೇದಿಕೆಗೆ ಪ್ರವೇಶ ಪುಕ್ಕಟೆ. ಅಲ್ಲಿಗೆ ತಲುಪುವುದು ಪುಕ್ಕಟೆ ಅಲ್ಲ. ವಿಮಾನ 78 ಸಾವಿರ. ವೀಸಾ ಅದು ಇದು ಸೇರಿ 9 ಸಾವಿರ, ವಿಮೆ 2 ಸಾವಿರ. ಹೋಟೆಲ್ ಆರು ರಾತ್ರಿಗೆ 66 ಸಾವಿರ, ಅದೂ ಕಿಟಕಿ ತೆಗೆದರೆ ಪಕ್ಕದ ಗೋಡೆ ಕಾಣುವ ರೂಮು. ಹೋಟೆಲಿನಲ್ಲಿ ಉಳಿದವರಿಗೆ ಬಸ್ಸು–ಟ್ರಾಮಿನ ಪಾಸು ಪುಕ್ಕಟೆ ಕೊಡುತ್ತಾರೆ, ಅದೊಂದು ಪುಣ್ಯ. ಊಟಕ್ಕೆ 20 ಸಾವಿರ, ಚಳಿಗೆ ಹಾಕುವ ಕೋಟಿಗೆ 4 ಸಾವಿರ. ಮಿಕ್ಕಿದ್ದು ಚಿಲ್ಲರೆ ಖರ್ಚು. ಇದಕ್ಕೆಲ್ಲ ಚೀಟಿ ಕೂಗಿ ದುಡ್ಡು ಎತ್ತಿದೆ. ಹದಿನಾಲ್ಕು ತಿಂಗಳು ಕಂತು ಕಟ್ಟಿದೆ. ನಮ್ಮ ಚಿಕ್ಕಪ್ಪ ಈಗಲೂ ಹಬ್ಬದ ದಿನ ಎಲೆ ಮುಂದೆ ಕೂತು ‘ಮೂರು ನಿಮಿಷಕ್ಕೆ ಒಂದೂ ತೊಂಬತ್ತು, ನಿಮಿಷಕ್ಕೆ ಎಷ್ಟಾಯ್ತಪ್ಪಾ?’ ಅಂತಾರೆ.

ಆ ಮೂರು ನಿಮಿಷವಾದರೂ ಚೆನ್ನಾಗಿ ಹೋಯಿತಾ? ಇಲ್ಲ. ನಮ್ಮ ಮೂರು ಕಾಲಿನ ಪ್ಲಗ್ಗು ಅಲ್ಲಿನ ಸಾಕೆಟ್ಟಿಗೆ ಇಳಿಯಲಿಲ್ಲ. ಬೆಳಗಿನಿಂದ ಲ್ಯಾಪ್‌ಟಾಪ್ ಸತ್ತಿತ್ತು. ಅಧ್ಯಕ್ಷರಿಗೆ, ಗಣ್ಯರಿಗೆ ವಂದನೆ ಹೇಳುವುದರಲ್ಲೇ 40 ಸೆಕೆಂಡ್ ಹೋಯಿತು. ಬೆಲ್ಲಕ್ಕೆ ಇಂಗ್ಲಿಷಿನಲ್ಲಿ ‘ಜಾಗರಿ’ ಅಂದೆ. ಎದುರಿಗಿದ್ದವರ ಮುಖದಲ್ಲಿ ಅದೇನೆಂದು ತಿಳಿದ ಗುರುತೇ ಇರಲಿಲ್ಲ. ನನ್ನ ಇಂಗ್ಲಿಷ್ ತಪ್ಪಿರಲಿಲ್ಲ, ಆದರೆ ಅದರಲ್ಲಿ ಜೀವ ಇರಲಿಲ್ಲ. ವಾಪಸ್ ಬರುವಾಗ ವಿಮಾನದಲ್ಲಿ ಯೋಚನೆ ಬಂತು: ದಿನಾ 600 ಮನೆಯವರು ಕೇಳುವುದು ಆ ಅಕ್ಕನ ದನಿಯನ್ನು. ಮಾತಾಡಬೇಕಾದವರು ಅವರೇ ತಾನೇ.

ಅಕ್ಕನಿಗೆ ಪಾಸ್‌ಪೋರ್ಟ್ ಇಲ್ಲ, ಎರಡು ಹಸು ಇವೆ. ಹೋಗುವ ಮಾತೇ ಇಲ್ಲ. ವೇದಿಕೆಗೆ ಆನ್‌ಲೈನಿನಲ್ಲೂ ಸೇರಬಹುದು. ಹಾಗಾಗಿ ತೊಡಕು ಉಳಿದದ್ದು ಭಾಷೆಯದು ಮಾತ್ರ.

ಮೊದಲು ಪಕ್ಕದಲ್ಲಿ ದುಭಾಷಿ ಕೂರಿಸಿ ನೋಡಿದೆವು. ಮೈಸೂರಿನ ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಬಂದರು. ಅಕ್ಕ ಒಂದು ಮಾತು, ಅವರು ಒಂದು ಮಾತು. ಮೂರು ನಿಮಿಷದ್ದು ಏಳು ನಿಮಿಷ ಆಯಿತು. ಜೊತೆಜೊತೆಗೇ ಹೇಳಿ ಅಂದರೆ ಇನ್ನೂ ಕಷ್ಟ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ತಾನೇ ಬರುವುದು? ಅಕ್ಕ ‘ನಾಲೆಗೆ ನೀರು ಬುಡ್ತಾರೆ ಅಂತ ನಂಬ್ಕಂಡು ಕಬ್ಬು ನಾಟಿ ಹಾಕ್ದೋರು’ ಅಂತ ಶುರು ಮಾಡಿದರೆ, ಅವರು ಉಳಿದರೋ ಮುಳುಗಿದರೋ ಅನ್ನುವುದು ವಾಕ್ಯ ಮುಗಿಯುವ ತನಕ ಮೇಷ್ಟ್ರಿಗೆ ಗೊತ್ತಾಗುವುದಿಲ್ಲ. ಬಾಯಿ ತೆರೆದುಕೊಂಡು ಕಾಯುತ್ತಿದ್ದರು, ಪಾಪ.

ಆಮೇಲೆ ಮೆಷಿನ್ ನಂಬಿದೆವು. ಮಾತಾಡಿದ್ದನ್ನು ತಾನೇ ಬರೆದುಕೊಳ್ಳುವ ತಂತ್ರಾಂಶ. ಪುಸ್ತಕದ ಕನ್ನಡ ಓದಿದರೆ ಪರವಾಗಿಲ್ಲ. ಮಂಡ್ಯದ ಬಾಯಲ್ಲಿ ‘ಹ’ಕಾರ ನಿಲ್ಲುವುದಿಲ್ಲವಲ್ಲ, ಅಲ್ಲಿ ಎಡವಟ್ಟು. ‘ಆಲು’ ಅಂದರೆ ಹಾಲು ಅಂತ ನಮಗೆ ಗೊತ್ತು, ಅದಕ್ಕೆ ಆಲೂಗೆಡ್ಡೆ. ‘ಆಲೆಮನೆ’ ಒಂದು ಸಲ ಹಾಳು ಮನೆ ಆಯಿತು, ಇನ್ನೊಂದು ಸಲ ಹಳೇ ಮನೆ. ಇದರ ಹಿಂದೆ ಬಿದ್ದು ಒಂದು ತಿಂಗಳು ಅಕ್ಕನ ದನಿಯನ್ನು ಬೇರೆ ಬೇರೆ ಮೈಕಿನಲ್ಲಿ, ಬೇರೆ ಬೇರೆ ವೇಗದಲ್ಲಿ ಹಾಕಿ ನೋಡಿದೆ. ನೂರು ಪದಕ್ಕೆ ಮೂವತ್ತು ತಪ್ಪು ಇದ್ದದ್ದು ಇಪ್ಪತ್ತಕ್ಕೆ ಇಳಿದಿರಬಹುದು. ಶೃಂಗಸಭೆಗೆ ಏನೂ ಉಪಯೋಗ ಆಗಲಿಲ್ಲ. ಆದರೆ ಉಣ್ಣೆ ಕಂಬಳಿ ಹೊದ್ದು ರೆಕಾರ್ಡ್ ಮಾಡಿದರೆ ದನಿ ಎಷ್ಟು ಚೊಕ್ಕ ಬರುತ್ತದೆ ಅನ್ನುವುದು ಗೊತ್ತಾಯಿತು. ನಮ್ಮ ದಿನದ ದರದ ಕರೆಯನ್ನು ಈಗ ಹಾಗೇ ರೆಕಾರ್ಡ್ ಮಾಡುತ್ತೇವೆ.

ಕೊನೆಗೆ ಕೈ ಹಿಡಿದದ್ದು ಹಳೇ ಕಾಲದ ಉಪಾಯ. ಒಂದು ವಾಕ್ಯಕ್ಕೆ ಒಂದು ಸ್ಲೈಡು. ಮೇಲೆ ಕನ್ನಡ, ಕೆಳಗೆ ದಪ್ಪಕ್ಷರದಲ್ಲಿ ಇಂಗ್ಲಿಷ್, ಎರಡು ಸಾಲಿಗಿಂತ ಜಾಸ್ತಿ ಇಲ್ಲ. ಅಕ್ಕ ಮಾತಾಡುತ್ತಾರೆ, ಇನ್ನೊಂದು ಲ್ಯಾಪ್‌ಟಾಪಿನಿಂದ ಸೇರಿಕೊಂಡ ಹುಡುಗಿ ಸ್ಲೈಡು ತಳ್ಳುತ್ತಾಳೆ. ಇಷ್ಟೇ. ‘ಇದು ಪಿಯುಸಿ ಮಕ್ಕಳ ಸೆಮಿನಾರ್ ಥರ ಇದೆ’ ಅಂದರು ಒಬ್ಬರು. ಅನ್ನಲಿ.

ಮಾತು ಬರೆಯುವಾಗ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ನಾನೇ ಕೂತು ‘ಗ್ರಾಮೀಣ ಮಹಿಳೆಯರ ಡಿಜಿಟಲ್ ಸಬಲೀಕರಣದ ನಿಟ್ಟಿನಲ್ಲಿ’ ಅಂತ ಬರೆದುಕೊಟ್ಟೆ. ಅಕ್ಕ ಒಂದು ಸಲ ಓದಿ ಹಾಳೆ ವಾಪಸ್ ಕೊಟ್ಟರು. ‘ಇದು ಯಾರ್ ಮಾತಣ್ಣ? ನಾನಿಂಗೆ ಮಾತಾಡಿದ್ರೆ ನಮ್ಮನೆ ನಾಯಿನೂ ಗುರುತ್ ಹಿಡಿಯಕಿಲ್ಲ.’ ಆಮೇಲೆ ಉಲ್ಟಾ ಮಾಡಿದೆ. ಸುಮ್ನೆ ಫೋನ್ ಆನ್ ಮಾಡಿಟ್ಟು, ಕೊಪ್ಪರಿಗೆ ಹತ್ತಿರ ನಿಂತು ಇಪ್ಪತ್ತು ನಿಮಿಷ ಹರಟೆ ಹೊಡೆದೆವು. ದಲ್ಲಾಳಿ ಹೇಳಿದ್ದೇ ದರ ಆಗಿದ್ದ ಕಾಲ, 2023ರಲ್ಲಿ ಮಳೆ ಕೈಕೊಟ್ಟು ನಾಲೆ ಒಣಗಿದ್ದು, ನೀರು ಬರುವುದಿಲ್ಲ ಅಂತ ಮೊದಲೇ ಗೊತ್ತಾದವರು ಕೂಳೆ ಕಬ್ಬು ಕಡಿದು ಮಾರಿ ಪಾರಾದದ್ದು. ಎಲ್ಲ ಬರೆದುಕೊಂಡು ಮೊದಲು 46 ವಾಕ್ಯ ಆರಿಸಿದೆ. ಅಕ್ಕ ಓಡೋಡಿ ಹೇಳಬೇಕಾಯಿತು. 31ಕ್ಕೆ ಇಳಿಸಿದೆ. ಒಂದಕ್ಕೆ ಆರು ಸೆಕೆಂಡ್ ಅಂದುಕೊಂಡರೆ ಮೂರು ನಿಮಿಷಕ್ಕೆ ಸರಿ. ವಂದನೆಗೆ ಒಂದೇ ವಾಕ್ಯ: ‘ನಮಸ್ಕಾರ, ನಾನು ಆಲೆಮನೆಯಿಂದ ಮಾತಾಡ್ತಾ ಇದೀನಿ.’

ಸ್ಲೈಡು ಯಾವಾಗ ತಳ್ಳಬೇಕು ಅನ್ನುವುದಕ್ಕೆ ನಮಗೆ ಎರಡು ವಾರ ಹಿಡಿಯಿತು. ಮಾತು ಕೇಳಿಸಿಕೊಂಡು ತಳ್ಳಿದರೆ ತಡ. ಓದುವವರು ಹಿಂದೆ ಬೀಳುತ್ತಾರೆ. ಹುಡುಗಿಗೆ ಪರದೆ ನೋಡಬೇಡ, ಅಕ್ಕನ ಭುಜ ನೋಡು ಅಂದೆ. ಉಸಿರು ಎಳೆದುಕೊಳ್ಳುವಾಗ ಭುಜ ಏಳುತ್ತದೆ. ಆಗಲೇ ತಳ್ಳಬೇಕು. ಓದುವವರ ಕಣ್ಣು ಮುಂದೆ ಹೋಗಿರುತ್ತದೆ, ದನಿ ಹಿಂದಿನಿಂದ ಬಂದು ಸೇರುತ್ತದೆ. ನಗಬೇಕಾದ ಕಡೆ ಸರಿಯಾಗಿ ನಗುತ್ತಾರೆ. ನಗುವ ವಾಕ್ಯಕ್ಕೆ ಮಾತ್ರ ಬೇರೆ ಲೆಕ್ಕ ಇದೆ, ಅದು ಮೇಷ್ಟ್ರು ಹೇಳಿಕೊಟ್ಟದ್ದು. ಅವರನ್ನು ಕೇಳದೆ ಹೇಳುವ ಹಾಗಿಲ್ಲ.

ಅಕ್ಷರದ ಕಾಟ ನಿಮಗೆ ಗೊತ್ತು. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಹಳೇ ಎನ್‌ಕೋಡಿಂಗಿನಲ್ಲಿ ಮಾಡಿದ ಸ್ಲೈಡು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಕಲಸುಮೇಲೋಗರ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯುನಿಕೋಡಿಗೆ ತಂದರೂ ಫಾಂಟ್ ಇಲ್ಲದ ಕಡೆ ಡಬ್ಬಿ ಡಬ್ಬಿ. ಎಲ್ಲ ಸ್ಲೈಡನ್ನೂ ಚಿತ್ರ ಮಾಡಿಬಿಟ್ಟೆ. ಮೇಷ್ಟ್ರು ಕೊನೆ ಗಳಿಗೆಯಲ್ಲಿ ಒಂದು ಪದ ತಿದ್ದಿದಾಗಲೆಲ್ಲ 31ನ್ನೂ ಮತ್ತೆ ಮಾಡುತ್ತಿದ್ದೆ. ತಿದ್ದಿದ್ದೇ ಒಳ್ಳೆಯದಾಯಿತು. ‘ಜಾಗರಿ’ ಪಕ್ಕದಲ್ಲಿ ‘ಪನೇಲಾ’ ಅಂತ ಸೇರಿಸಿದ್ದು ಅವರೇ. ದಕ್ಷಿಣ ಅಮೆರಿಕದಲ್ಲಿ ಕೊಲಂಬಿಯಾ ಕಡೆ ನಮ್ಮ ಅಚ್ಚು ಬೆಲ್ಲದಂಥದ್ದಕ್ಕೆ ಅದೇ ಹೆಸರಂತೆ. ಎಲ್ಲೋ ಓದಿದ್ದರು.

ಜಾಗದ ಪಾಡು ಇನ್ನೊಂದು. ನನಗೆ ಆಲೆಮನೆಯ ಹೊಗೆ, ಕುದಿಯುವ ಪಾಕ ಹಿಂದೆ ಕಾಣಬೇಕು ಅಂತ ಆಸೆ. ಗಾಣದ ಸದ್ದಿಗೆ ಅಕ್ಕನ ಮಾತೇ ಕೇಳಿಸಲಿಲ್ಲ. ಗಾಣ ನಿಲ್ಲಿಸಿ ಅಂದರೆ ಆಲೆಮನೆಯ ಗೌಡರು ‘ರಸ ಹುಳಿ ಬಂದ್ರೆ ನಿಮ್ ಜಿನೀವಾದೋರು ಕೊಡ್ತಾರಾ ದುಡ್ಡ?’ ಅಂದರು. ಸರಿಯಾದ ಮಾತೇ. ಗೋದಾಮಿಗೆ ಹೋದೆವು. ಸುತ್ತ ಗೋಣಿಚೀಲ. ಪ್ರತಿಧ್ವನಿಯೇ ಇಲ್ಲ. ದುಡ್ಡು ಕೊಟ್ಟರೂ ಇಂಥ ಸ್ಟುಡಿಯೋ ಸಿಗುವುದಿಲ್ಲ. ಇರುವೆ ಕಡಿಯುತ್ತವೆ, ಅಷ್ಟೇ.

ದೊಡ್ಡ ಗಂಡಾಂತರ ಗಡಿಯಾರದಿಂದ ಬಂತು. ಮಾರ್ಚಿನಲ್ಲಿ ಹೋಗಿದ್ದಾಗ ಜಿನೀವಾ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ ಇತ್ತು. ಅದೇ ತಲೆಯಲ್ಲಿ ಕೂತಿತ್ತು. ಅವರು ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಮೇ ತಿಂಗಳಲ್ಲಿ ಇರುವುದು ಮೂರೂವರೆ ಗಂಟೆಯ ಅಂತರ. ಎರಡು ದಿನ ಮೊದಲು ಸಂಪರ್ಕ ಪರೀಕ್ಷೆಗೆ ಅಂತ ಠೀವಿಯಿಂದ ಲಾಗಿನ್ ಆದರೆ ಅಲ್ಲಿ ನರಪಿಳ್ಳೆ ಇಲ್ಲ. ಒಂದು ಗಂಟೆ ಹಿಂದೆಯೇ ಮುಗಿದಿತ್ತು. ಅವತ್ತು ಬೆವರಿದಷ್ಟು ಕೊಪ್ಪರಿಗೆ ಮುಂದೆಯೂ ಬೆವರಿಲ್ಲ. ಅದೇ ತಪ್ಪು ನಿಜವಾದ ದಿನ ಆಗಿದ್ದರೆ?

ಕರೆಂಟಿನ ಮಾತು ಹೇಳಲೇಬೇಕು. ಮೇ ಮಧ್ಯಾಹ್ನ, ಗುಡುಗು ಮಳೆ ಕಾಲ. ಎರಡು ಯುಪಿಎಸ್, ಎರಡು ಬೇರೆ ಬೇರೆ ಕಂಪನಿಯ ಸಿಮ್ಮು, ಎರಡು ಹೆಡ್‌ಸೆಟ್ಟು. ಜೊತೆಗೆ ಇಂಗ್ಲಿಷ್ ಪಠ್ಯವನ್ನು ಮೊದಲೇ ಸಂಘಟಕರಿಗೆ ಮೇಲ್ ಮಾಡಿಟ್ಟಿದ್ದೆ. 2005ರಲ್ಲಿ ಟ್ಯೂನಿಸ್‌ನಲ್ಲಿ ಬಡ ಮಕ್ಕಳಿಗೆಂದು ಮಾಡಿದ ನೂರು ಡಾಲರಿನ ಲ್ಯಾಪ್‌ಟಾಪ್ ತೋರಿಸುವಾಗ, ಆಗಿನ ವಿಶ್ವಸಂಸ್ಥೆ ಮುಖ್ಯಸ್ಥ ಕೋಫಿ ಅನ್ನಾನ್ ಕೈಯಲ್ಲೇ ಅದರ ಕರೆಂಟ್ ಹುಟ್ಟಿಸಲು ತಿರುಗಿಸುವ ಹಿಡಿ ಕಿತ್ತು ಬಂದಿತ್ತಂತೆ. ಅಷ್ಟು ದೊಡ್ಡವರಿಗೇ ಹಾಗಾದರೆ ಗೋದಾಮಿನವರ ಗತಿಯೇನು?

ಆ ದಿನ ಮೋಡ ಇತ್ತು, ಮಳೆ ಬರಲಿಲ್ಲ. ಅಕ್ಕ ಸೀರೆಯ ಸೆರಗು ಸರಿಮಾಡಿಕೊಂಡು ಶುರು ಮಾಡಿದರು. ಹನ್ನೆರಡನೇ ಸ್ಲೈಡಿನಲ್ಲಿ ಒಂದು ಸಿಮ್ಮು ಕೈಕೊಟ್ಟಿತು, ಹುಡುಗಿಯ ಲ್ಯಾಪ್‌ಟಾಪ್ ಇನ್ನೊಂದರಲ್ಲಿ ಇದ್ದುದರಿಂದ ಬರಹ ನಿಲ್ಲಲಿಲ್ಲ. ದನಿ ಮೂರು ನಾಲ್ಕು ಸೆಕೆಂಡ್ ಹೋಗಿ ಬಂತು. ಮುಗಿದಾಗ ಮೂರು ನಿಮಿಷ ಹತ್ತು ಸೆಕೆಂಡ್. ಮೊದಲ ಪ್ರಶ್ನೆ, ದರ ತಪ್ಪಾಗಿ ಹೇಳಿದರೆ ಯಾರು ಹೊಣೆ ಅಂತ. ಮೇಷ್ಟ್ರು ಕನ್ನಡ ಮಾಡಿದರು. ಅಕ್ಕ ‘ನಾನೇ. ಎಲ್ರಿಗೂ ನಮ್ಮನೆ ಗೊತ್ತು’ ಅಂದರು. ಅದಕ್ಕೆ ಸ್ಲೈಡು ಇರಲಿಲ್ಲ, ಮೇಷ್ಟ್ರೇ ಹೇಳಿದರು. ಎರಡನೆಯದು ಪನೇಲಾ ಗೊತ್ತಿದ್ದ ಒಬ್ಬರದು. ನಿಮ್ಮಲ್ಲಿ ಅಚ್ಚು ಮರದ್ದೋ ಅಂತ ಕೇಳಿದರು. ಅಕ್ಕ ಎದ್ದು ಹೋಗಿ ಒಂದು ಅಚ್ಚಿನ ಮಣೆಯನ್ನೇ ತಂದು ಕ್ಯಾಮೆರಾಗೆ ಹಿಡಿದರು.

ಖರ್ಚು: ಹೆಡ್‌ಸೆಟ್ಟು 3,500, ಯುಪಿಎಸ್ ಒಂದು ಹೊಸದು 5,500, ಸಿಮ್ಮು–ಡಾಂಗಲ್ 2,500, ಹುಡುಗಿಗೆ 3,000, ಅಕ್ಕನಿಗೆ ಹತ್ತು ದಿನದ ಕೂಲಿ 6,000, ಬಸ್ಸು ಆಟೋ ತಿಂಡಿ 2,000. ಮೇಷ್ಟ್ರು ದುಡ್ಡು ಮುಟ್ಟಲಿಲ್ಲ, ಹತ್ತು ಕೆಜಿ ಅಚ್ಚು ಬೆಲ್ಲ ಹೊತ್ತುಕೊಂಡು ಮೈಸೂರು ಬಸ್ಸು ಹತ್ತಿದರು.

ಅವತ್ತು ಸಂಜೆಯ ದರದ ಕರೆ ಒಂದು ಗಂಟೆ ತಡವಾಗಿ ಹೋಯಿತು. ಅಕ್ಕ ಅದರ ಶುರುವಿನಲ್ಲೇ ಹೇಳಿದರು: ‘ಒಸಿ ತಡ ಆಯ್ತು, ಬೇರೆ ಊರ್ಗೆ ಮಾತಾಡ್ತಿದ್ದೆ. ಇವತ್ತಿನ ಅಚ್ಚು ಬೆಲ್ಲದ ದರ ಕೇಳ್ಕಳಿ.’ ಮಾರನೇ ದಿನ ಮೂರು ಜನ ಫೋನ್ ಮಾಡಿ, ಆ ಊರಲ್ಲಿ ಬೆಲ್ಲಕ್ಕೆ ಎಷ್ಟಂತೆ ಅಂತ ವಿಚಾರಿಸಿದರು.