ಮ್ಯಾಕ್ರೋ ಒತ್ತಿದರೆ ಫಾರ್ಮುಲಾ ಕೊನೆಯ ಸಾಲಿನವರೆಗೂ ಇಳಿಯಬೇಕೆ?

ಹಾಲಿನ ಡೇರಿಯ ದಿನದ ಲೆಕ್ಕವನ್ನೇ ತೆಗೆದುಕೊಳ್ಳಿ. ಎಕ್ಸೆಲ್ ಶೀಟಿನ ಎ ಕಾಲಂನಲ್ಲಿ ಸದಸ್ಯರ ಸಂಖ್ಯೆ, ಬಿಯಲ್ಲಿ ಲೀಟರು, ಸಿಯಲ್ಲಿ ದರ, ಡಿಯಲ್ಲಿ ಮೊತ್ತ. ಇವತ್ತು 120 ಸಾಲು, ನಾಳೆಯ ಫೈಲಿನಲ್ಲಿ 134. ಸೆಲ್ಲಿನ ಮೂಲೆಯ ಚುಕ್ಕಿ ಹಿಡಿದು ಕೆಳಗೆ ಎಳೆದದ್ದನ್ನೇ ಮ್ಯಾಕ್ರೋ (ಒಮ್ಮೆ ಮಾಡಿದ ಹೆಜ್ಜೆಗಳನ್ನು ದಾಖಲಿಸಿಟ್ಟು, ಬೇಕಾದಾಗ ತಾನೇ ಮತ್ತೆ ಮಾಡುವ ವ್ಯವಸ್ಥೆ) ಆಗಿ ರೆಕಾರ್ಡ್ ಮಾಡಿಟ್ಟರೆ, ನಾಳೆ ಕೊನೆಯ 14 ಸಾಲು ಖಾಲಿ ಉಳಿಯುತ್ತವೆ. ನೀವು ‘ಕೊನೆಯವರೆಗೆ’ ಎಳೆದಿರಿ ಎಂಬುದು ರೆಕಾರ್ಡರ್‌ಗೆ ತಿಳಿಯದು. ‘ಡಿ2ರಿಂದ ಡಿ121’ ಎಂದು ವಿಳಾಸ ಬರೆದುಕೊಂಡಿರುತ್ತದೆ, ಅಷ್ಟೆ. ಚುಕ್ಕಿಯ ಮೇಲೆ ಡಬಲ್ ಕ್ಲಿಕ್ ಮಾಡಿದರೂ ಇದೇ ಪಾಡು.

ಒಂದೇ ಶೀಟಿಗೆ ಸಾಲು ಸೇರಿಸುತ್ತಾ ಹೋಗುವವರಿಗೆ ಮ್ಯಾಕ್ರೋ ಬೇಕಾಗಿಯೇ ಇಲ್ಲ. ಕಂಟ್ರೋಲ್+ಟಿ ಒತ್ತಿ ಟೇಬಲ್ ಮಾಡಿಕೊಂಡರೆ ಹೊಸ ಸಾಲಿಗೆ ಫಾರ್ಮುಲಾ ತಾನೇ ಬರುತ್ತದೆ. ದಿನವೂ ಹೊಸ ಫೈಲ್ ಬರುವವರಿಗೆ ಮಾತ್ರ ಈ ಕೆಲಸ.

ಕರ್ಸರನ್ನು ಡಿ2 ಬಿಟ್ಟು ಬೇರೆಲ್ಲಾದರೂ ಇಡಿ. ವ್ಯೂ, ಮ್ಯಾಕ್ರೋಸ್, ರೆಕಾರ್ಡ್ ಮ್ಯಾಕ್ರೋ. ಹೆಸರಿನಲ್ಲಿ ಸ್ಪೇಸ್ ಇರಬಾರದು. ಶಾರ್ಟ್‌ಕಟ್ ಪೆಟ್ಟಿಗೆಯಲ್ಲಿ ಶಿಫ್ಟ್ ಹಿಡಿದು ಎಂ ಒತ್ತಿ. ಬರೀ ಸಿ ಕೊಟ್ಟರೆ ನಿಮ್ಮ ಕಾಪಿ ಶಾರ್ಟ್‌ಕಟ್ಟೇ ಹೋದೀತು. ‘ಸ್ಟೋರ್ ಮ್ಯಾಕ್ರೋ ಇನ್’ ಎಂಬಲ್ಲಿ ಪರ್ಸನಲ್ ಮ್ಯಾಕ್ರೋ ವರ್ಕ್‌ಬುಕ್ ಆರಿಸಿ. ಆಗ ಯಾವ ಫೈಲ್ ತೆರೆದರೂ ಮ್ಯಾಕ್ರೋ ಸಿಗುತ್ತದೆ.

ಈಗ ರೆಕಾರ್ಡಿಂಗ್. ಡಿ2 ಕ್ಲಿಕ್ ಮಾಡಿ, ಕಂಟ್ರೋಲ್+ಶಿಫ್ಟ್+ಕೆಳಬಾಣ, ಡಿಲೀಟ್. ಮತ್ತೆ ಡಿ2 ಕ್ಲಿಕ್ ಮಾಡಿ =ಬಿ2*ಸಿ2 ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಎಂಟರ್. ಎ1 ಕ್ಲಿಕ್, ಕಂಟ್ರೋಲ್+ಕೆಳಬಾಣ: ಕೊನೆಯ ಸದಸ್ಯರ ಸಾಲಿಗೆ ಬಂದಿರಿ. ಇಲ್ಲಿ ನಿಲ್ಲಿ. ಮ್ಯಾಕ್ರೋಸ್ ಮೆನುವಿನಲ್ಲಿ ‘ಯೂಸ್ ರಿಲೇಟಿವ್ ರೆಫರೆನ್ಸಸ್’ ಆನ್ ಮಾಡಿ. ಇದನ್ನು ಮರೆತರೆ ಮುಂದಿನ ಹೆಜ್ಜೆ ಡಿ121ಕ್ಕೇ ಅಂಟಿಕೊಳ್ಳುತ್ತದೆ. ಬಲಬಾಣ ಮೂರು ಸಲ, ಕಂಟ್ರೋಲ್+ಶಿಫ್ಟ್+ಮೇಲ್ಬಾಣ, ಕಂಟ್ರೋಲ್+ಡಿ. ಸ್ಟಾಪ್ ರೆಕಾರ್ಡಿಂಗ್ ಒತ್ತಿ, ರಿಲೇಟಿವ್ ಆಫ್ ಮಾಡಿ. ಎಕ್ಸೆಲ್ ಮುಚ್ಚುವಾಗ ಪರ್ಸನಲ್ ವರ್ಕ್‌ಬುಕ್ ಉಳಿಸಬೇಕೇ ಎಂದು ಕೇಳುತ್ತದೆ, ಸೇವ್ ಕೊಡಿ.

ಮೊದಲಿಗೇ ಡಿಲೀಟ್ ಮಾಡಿಸಿದ್ದು ಸುಮ್ಮನೆ ಅಲ್ಲ. ಡಿ ಕಾಲಂ ಖಾಲಿಯಿದ್ದರೆ ಮೇಲ್ಬಾಣ ಡಿ2ರ ಫಾರ್ಮುಲಾ ಸಿಕ್ಕಲ್ಲಿ ನಿಲ್ಲುತ್ತದೆ. ತುಂಬಿದ್ದರೆ ನಿಲ್ಲದೆ ಡಿ1ಕ್ಕೇ ಏರಿ, ‘ಮೊತ್ತ’ ಎಂಬ ತಲೆಬರಹವನ್ನೇ 120 ಸಾಲಿಗೂ ಇಳಿಸಿಬಿಡುತ್ತದೆ. ಮ್ಯಾಕ್ರೋ ಮಾಡಿದ್ದನ್ನು ಕಂಟ್ರೋಲ್+ಝಡ್ ಹಿಂದಕ್ಕೆ ತರುವುದಿಲ್ಲ, ಹಾಗಾಗಿ ಮೊದಲ ಪ್ರಯೋಗ ಫೈಲಿನ ಪ್ರತಿಯ ಮೇಲಿರಲಿ. ಡಿ ಕಾಲಂನ ತಳದಲ್ಲಿ ಒಟ್ಟು ಮೊತ್ತ ಬರೆಯುವ ಅಭ್ಯಾಸವಿದ್ದರೆ ಅದನ್ನು ಬೇರೆ ಕಾಲಂಗೆ ಸಾಗಿಸಿ. ಇಲ್ಲದಿದ್ದರೆ ಅದೂ ಅಳಿಸಿಹೋಗುತ್ತದೆ.

ಕೊನೆಯ ಸಾಲು ಹುಡುಕಲು ಎ ಕಾಲಂ ಹಿಡಿದದ್ದಕ್ಕೂ ಕಾರಣವಿದೆ. ಕೆಳಬಾಣ ಮೊದಲ ಖಾಲಿ ಸೆಲ್ಲಿನ ಮುಂಚೆಯೇ ನಿಲ್ಲುತ್ತದೆ. ಹಾಲು ತರದವರ ಲೀಟರು ಖಾಲಿ ಇರಬಹುದು, ಸದಸ್ಯರ ಸಂಖ್ಯೆ ಇರಲೇಬೇಕು. ಅದರಲ್ಲೂ ನಡುವೆ ಒಂದು ಬಿಟ್ಟುಹೋಗಿದ್ದರೆ ಮ್ಯಾಕ್ರೋ ಅಲ್ಲಿಗೇ ಮುಗಿಯುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಯಾವುದೋ ಸಾಲಿನಲ್ಲಿ ಮೊತ್ತದ ಬದಲು ‘#ವ್ಯಾಲ್ಯೂ!’ ಕಂಡರೆ, ಲೀಟರಿನ ಸೆಲ್ಲಿನಲ್ಲಿ ಅಂಕಿಯ ಜೊತೆ ‘ಲೀ’ ಎಂದು ಬರೆದಿದ್ದಾರೆಯೇ ನೋಡಿ. ಎಲ್ಲ ಸಾಲಿನಲ್ಲೂ ಒಂದೇ ಮೊತ್ತ ಬಂದಿದ್ದರೆ ತಪ್ಪು ಮ್ಯಾಕ್ರೋದ್ದಲ್ಲ: ಫಾರ್ಮುಲಾಸ್ ಮೆನುವಿನ ಕ್ಯಾಲ್ಕ್ಯುಲೇಷನ್ ಆಪ್ಷನ್ಸ್ ಮ್ಯಾನುಯಲ್‌ನಲ್ಲಿದೆ, ಆಟೊಮ್ಯಾಟಿಕ್ ಮಾಡಿ.